ಅಗ್ನಿನಾಡಿಯ ವೃತ್ತಾಂತ

೧

ಮಕ್ಕಳ ಆಟಿಕೆಗಳನ್ನು ಪ್ರಾಜ್ಞರು ಸಾಮಾನ್ಯವಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಆದರೆ ಆಕಾಶಯಾನದ ಚರಿತ್ರೆಯಲ್ಲಿ ಆಟಿಕೆಗೆ ಇರುವ ಸ್ಥಾನವು ಅಲ್ಪವಾದುದಲ್ಲ. ೧೮೭೧ನೆಯ ಇಸವಿ ಆಗಸ್ಟ್ ೧೮ರಂದು ಪ್ಯಾರಿಸ್ ನಗರದ ತ್ವೀಲ್ರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣನು, ಹುರಿಗೊಳಿಸಿದ ರಬ್ಬರಿನ ಎಳೆಯ ಬಲದಿಂದ ಚಲಿಸುವ ಒಂದು ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದನು. ಅದು ಗಾಳಿಯಲ್ಲಿ ನಿಂತಿದ್ದುದು ಹನ್ನೊಂದು ಸೆಕೆಂಡುಗಳ ಕಾಲ. ಸಾಗಿದ್ದುದು ಸುಮಾರು ೪೦ ಮೀಟರುಗಳ ದೂರ. ಇದಾದ ಏಳು ವರ್ಷಗಳ ತರುವಾಯ, ೧೮೭೮ರಲ್ಲಿ, ಅಮೆರಿಕದ ಮಿಲ್ಟನ್ ರೈಟ್ ಎಂಬ ಪಾದ್ರಿಯು ಪೆನೋವಿನ ಮಾದರಿಯನ್ನನುಸರಿಸಿ ಬಿದಿರು, ಕಾಗದ, ಬೆಂಡುಗಳಿಂದ ಮಾಡಿದ್ದ ಹಾರುವ ಆಟಿಕೆಯೊಂದನ್ನು ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟನು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ೧೯೦೩ರ ಡಿಸೆಂಬರ್ ೧೭ರಂದು ಮನುಷ್ಯನನ್ನು ಹೊತ್ತು ಯಂತ್ರಬಲದಿಂದ ಹಾರಿದ ವಿಮಾನವು ಅವರ ಕೈಯಿಂದಲೇ ಸಿದ್ಧವಾಯಿತು. ತಮ್ಮ ಆಸಕ್ತಿಯು ಮೊಳೆತುದು ಬಾಲ್ಯದ ಆ ಆಟಿಕೆಯಿಂದಲೇ ಎಂದು ಸಹೋದರರಿಬ್ಬರೂ ಮುಂದೆ ಕೃತಜ್ಞತೆಯಿಂದ ಸ್ಮರಿಸಿಕೊಂಡರು.

ಆಟಿಕೆಯಿಂದ ಮಹಾಯಂತ್ರವು ಹುಟ್ಟಿದ ಈ ಕಥೆಯು ಲೋಕಪ್ರಸಿದ್ಧವಾದುದು. ಇದಕ್ಕೆ ವಿಲೋಮವಾದ ಮತ್ತೊಂದು ಕಥೆಯುಂಟು. ಅದನ್ನು ಬಲ್ಲವರು ವಿರಳ. ಅದು ಊರುಗಳನ್ನು ಸುಡುವುದಕ್ಕೆಂದು ಬೆಳೆಸಿದ ಯಂತ್ರವೊಂದು ಹವ್ಯಾಸಿಗಳ ಕೈಗೆ ಬಂದು ಆಟಿಕೆಯಾಗಿ ಉಳಿದ ಕಥೆ. ವಿಚಿತ್ರವೇನೆಂದರೆ, ಆ ಎರಡನೆಯ ಕಥೆಯ ಮುಖ್ಯ ಘಟ್ಟವೂ ನಡೆದುದು ರೈಟ್ ಸಹೋದರರ ಊರಾದ ಡೇಟನ್ನಿನ ಆಸುಪಾಸಿನಲ್ಲಿಯೇ. ಆ ಯಂತ್ರದ ಹೆಸರು ಪಲ್ಸ್‌ಜೆಟ್.

೨

ಪಲ್ಸ್ ಎಂದರೆ ನಾಡಿಯ ಮಿಡಿತ. ಜೆಟ್ ಎಂದರೆ ರಭಸದಿಂದ ಚಿಮ್ಮುವ ಧಾರೆ. ಸಂಸ್ಕೃತದ ನಾಡೀ ಶಬ್ದಕ್ಕೆ ಕೊಳವೆ ಎಂಬ ಅರ್ಥವೂ ಉಂಟು, ಮಿಡಿತ ಎಂಬ ಅರ್ಥವೂ ಉಂಟು. ಈ ಯಂತ್ರವಾದರೋ ಬರಿಯ ಒಂದು ಕೊಳವೆ. ಅದರಲ್ಲಿ ಬೆಂಕಿಯು ನಾಡಿಯಂತೆ ಮಿಡಿಯುತ್ತದೆ. ಆದುದರಿಂದ ಇದನ್ನು ಅಗ್ನಿನಾಡಿ ಎಂದು ಕರೆದರೆ ಎರಡು ಅರ್ಥಗಳೂ ಒಂದೇ ಶಬ್ದದಲ್ಲಿ ಅಡಗುತ್ತವೆ.

ಇದರ ತತ್ತ್ವವನ್ನು ತಿಳಿಯಲು ಕಮ್ಮಾರನ ತಿದಿಯನ್ನು ನೆನೆಯುವುದು ಲೇಸು. ತಿದಿಯ ರಂಧ್ರಕ್ಕೆ ಒಳಗಡೆ ಒಂದು ತೊಗಲಿನ ಎಲೆಯಿರುತ್ತದೆ. ತಿದಿಯನ್ನು ಹಿಗ್ಗಿಸಿದರೆ ಎಲೆಯು ಎದ್ದು ಗಾಳಿಗೆ ದಾರಿ ಬಿಡುತ್ತದೆ. ಅಮುಕಿದರೆ ಎಲೆಯು ರಂಧ್ರಕ್ಕೆ ಅಂಟಿಕೊಂಡು ದಾರಿಯನ್ನು ಮುಚ್ಚುತ್ತದೆ. ಗಾಳಿಯು ಮೂತಿಯೊಂದರಿಂದಲೇ ಹೊರಗೆ ಹೋಗಬೇಕಾಗುತ್ತದೆ. ಪಲ್ಸ್‌ಜೆಟ್ಟಿನ ಮುಂಭಾಗದಲ್ಲಿಯೂ ಇಂತಹವೇ ರಂಧ್ರಗಳಿದ್ದು, ಅವುಗಳ ಹಿಂದೆ ತೊಗಲಿಗೆ ಬದಲಾಗಿ ತೆಳುವಾದ ಉಕ್ಕಿನ ಎಲೆಗಳಿರುತ್ತವೆ. ಮುಂದೆ ಅಗಲವಾದ ದಹನಕೋಶ. ಅದರ ಹಿಂದೆ ನೀಳವಾದ ಬಾಲನಾಳ. ಇಷ್ಟೇ ಈ ಯಂತ್ರದ ಅಂಗಗಳು.

ಮೊದಲು ಹೊರಗಿನಿಂದ ಗಾಳಿಯನ್ನು ಊದಿ, ಅದರೊಡನೆ ಪೆಟ್ರೋಲಿನ ತುಂತುರನ್ನು ಬೆರಸಿ, ವಿದ್ಯುತ್ತಿನ ಕಿಡಿಯನ್ನು ತಾಗಿಸಬೇಕು. ಮಿಶ್ರಣವು ಭುಗಿಲ್ಲೆಂದು ಉರಿಯುತ್ತಲೇ ಕೋಶದೊಳಗಿನ ಒತ್ತಡವು ಹೆಚ್ಚಿ ಉಕ್ಕಿನ ಎಲೆಗಳು ಮುಚ್ಚಿಕೊಳ್ಳುತ್ತವೆ. ಮುಂದೆ ದಾರಿಯಿಲ್ಲದ ಬಿಸಿಯ ಅನಿಲವು ಹಿಂದಿನ ನಾಳದಿಂದ ಹೊರಕ್ಕೆ ಧಾವಿಸುತ್ತದೆ. ಹಾಗೆ ಧಾವಿಸುವ ಅನಿಲವು ತನ್ನ ವೇಗದ ಭರದಿಂದ ಅವಶ್ಯಕತೆಗಿಂತ ಮುಂದಕ್ಕೆ ಹೋಗಿಬಿಡುವುದರಿಂದ, ಕೋಶದಲ್ಲಿ ಹೊರಗಿಗಿಂತ ಕಡಿಮೆಯಾದ ಒತ್ತಡವುಂಟಾಗುತ್ತದೆ. ಆಗ ಎಲೆಗಳು ತಾವಾಗಿಯೇ ತೆರೆದು ಹೊಸ ಗಾಳಿಯೂ ಹೊಸ ಇಂಧನವೂ ಒಳಗೆ ಬರುತ್ತವೆ. ಅದೇ ವೇಳೆಗೆ ಬಾಲನಾಳದಿಂದ ಸ್ವಲ್ಪ ಬಿಸಿಯ ಅನಿಲವು ಹಿಂದಿರುಗಿ ಬಂದು, ಕೋಶದಲ್ಲಿ ಉಳಿದಿರುವ ಬೆಂಕಿಯೊಡನೆ ಸೇರಿ ಹೊಸ ಮಿಶ್ರಣವನ್ನು ಹೊತ್ತಿಸುತ್ತದೆ. ಮೊದಲನೆಯ ಕೆಲವು ಸ್ಫೋಟಗಳಾದ ಮೇಲೆ ಕಿಡಿಯೂ ಬೇಡ, ಊದುವ ಗಾಳಿಯೂ ಬೇಡ. ಒಂದು ಸ್ಫೋಟದ ಶೇಷವೇ ಮುಂದಿನ ಸ್ಫೋಟಕ್ಕೆ ಬೀಜವಾಗುತ್ತದೆ.

ತಿರುಗುವ ಚಕ್ರವಿಲ್ಲ, ಮೇಲೆ ಕೆಳಗೆ ಓಡಾಡುವ ಕೊಂತವಿಲ್ಲ, ಎಣ್ಣೆ ಹಾಕಬೇಕಾದ ಅಚ್ಚಿಲ್ಲ. ಕೊಳಲು ಉದ್ದವಾದಷ್ಟೂ ಸ್ವರವು ಮಂದ್ರವಾಗುವಂತೆ, ನಾಳವು ಉದ್ದವಾದಷ್ಟೂ ಮಿಡಿತವು ನಿಧಾನವಾಗುತ್ತದೆ. ಗಿಡ್ಡವಾದರೆ ಮಿಡಿತವು ಶೀಘ್ರವಾಗಿ ಸ್ವರವು ತಾರಕ್ಕೇರುತ್ತದೆ. ಇಷ್ಟು ಸರಳವಾದ ಯಂತ್ರಕ್ಕೆ ದೋಷಗಳೂ ಪ್ರಬಲವಾಗಿಯೇ ಇವೆ. ಗಾಳಿಯನ್ನು ಮೊದಲು ಚೆನ್ನಾಗಿ ಅಮುಕಿ ಆಮೇಲೆ ಉರಿಸುವ ಏರ್ಪಾಡು ಇದರಲ್ಲಿಲ್ಲವಾದ ಕಾರಣ ಇಂಧನದ ವ್ಯಯ ಬಹಳ. ಕ್ಷಣಕ್ಷಣವೂ ಬೆಂಕಿಯ ಪೆಟ್ಟನ್ನು ತಿನ್ನುವ ಎಲೆಗಳು ಸ್ವಲ್ಪ ಕಾಲದಲ್ಲಿಯೇ ಸವೆದು ಸೀಳುತ್ತವೆ. ಸದ್ದಂತೂ ಕಿವಿಯನ್ನು ಒಡೆಯುವಂತಹುದು.

೩

ಈ ಯಂತ್ರದ ಮೂಲವನ್ನು ಒಬ್ಬನೇ ಪುರುಷನಿಗೆ ಆರೋಪಿಸಲಾಗದು. ರಷ್ಯಾ ದೇಶದ ಕರವೋದಿನ್ ಎಂಬ ಎಂಜಿನಿಯರನು ೧೯೦೬ರಲ್ಲಿ ಇದಕ್ಕೆ ಪೇಟೆಂಟನ್ನು ಪಡೆದು ೧೯೦೭ರಲ್ಲಿ ನಡೆಯುವ ಮಾದರಿಯೊಂದನ್ನು ಮುಗಿಸಿದನು. ಫ್ರಾನ್ಸಿನ ಜಾರ್ಜ್ ಮಾರ್ಕೊನೆ ಎಂಬಾತನು ೧೯೦೮ರಲ್ಲಿ ಎಲೆಗಳೇ ಇಲ್ಲದ, ಕೊಳವೆಯ ಆಕಾರದಿಂದಲೇ ಕೆಲಸ ನಡೆಸುವ ಮತ್ತೊಂದು ಬಗೆಯನ್ನು ಕಲ್ಪಿಸಿದನು. ಸ್ಪೇನಿನ ರಿಪೋಲ್ ಎಂಬ ಊರಿನ ರಾಮೋನ್ ಕಾಸಾನೋವ ಎಂಬಾತನು ೧೯೧೩ರಿಂದ ದುಡಿದು ೧೯೧೭ರಲ್ಲಿ ಬಾರ್ಸಿಲೋನದಲ್ಲಿ ತನ್ನ ಯಂತ್ರಕ್ಕೆ ಪೇಟೆಂಟನ್ನು ಪಡೆದನು. ಇವರಲ್ಲಿ ಯಾರ ಯಂತ್ರವೂ ಆಕಾಶವನ್ನು ಆಳಲಿಲ್ಲ. ಆ ಕಾಲದಲ್ಲಿ ವಿಮಾನಗಳಿಗೆ ಕೊಂತದ ಎಂಜಿನ್ನೇ ಸಾಕಾಗಿದ್ದಿತು. ಆರ್ಭಟಿಸುತ್ತ ಇಂಧನವನ್ನು ನುಂಗುವ ಕೊಳವೆಯನ್ನು ಕೇಳುವವರಿರಲಿಲ್ಲ.

ಮ್ಯೂನಿಕ್ ನಗರದ ಪೌಲ್ ಶ್ಮಿಟ್ ಎಂಬ ಎಂಜಿನಿಯರನು ಈ ವಿದ್ಯೆಯನ್ನು ಪುನಃ ಕೈಗೆತ್ತಿಕೊಂಡು ಹಲವು ವರ್ಷ ಏಕನಿಷ್ಠೆಯಿಂದ ದುಡಿದನು. ೧೯೩೪ರಲ್ಲಿ ಆತನೂ ಗೆಯೋರ್ಗ್ ಮಾಡೆಲುಂಗ್ ಎಂಬ ಪ್ರಾಧ್ಯಾಪಕನೂ ಕೂಡಿ, ಈ ಕೊಳವೆಯ ಬಲದಿಂದ ಹಾರುವ ಬಾಂಬನ್ನು ಮಾಡಬಹುದೆಂದು ಜರ್ಮನಿಯ ವಿಮಾನ ಮಂತ್ರಾಲಯಕ್ಕೆ ಸೂಚಿಸಿದರು. ಯಂತ್ರದ ವಿಧಿಯು ಅಲ್ಲಿಂದ ತಿರುಗಿತು. ಶ್ಮಿಟ್ಟನ ಬಾಂಬು ಮಂತ್ರಾಲಯದ ಅಪೇಕ್ಷೆಗೆ ಸರಿಬೀಳಲಿಲ್ಲ. ಆದರೆ ಬರ್ಲಿನ್ನಿನ ಆರ್ಗುಸ್ ಕಾರ್ಖಾನೆಯಲ್ಲಿ ಫ್ರಿಟ್ಸ್ ಗೊಸ್ಲಾವ್ ಎಂಬಾತನು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತಿದ್ದನು. ಈ ಎರಡು ಕಡೆಯ ದುಡಿಮೆಯೂ ಕೂಡಿ ಹುಟ್ಟಿದ ಯಂತ್ರವನ್ನು ೧೯೪೧ರ ಏಪ್ರಿಲ್ ೩೦ರಂದು ಎರಡಂತಸ್ತಿನ ರೆಕ್ಕೆಯ ಒಂದು ಹಳೆಯ ಮಾದರಿಯ ವಿಮಾನಕ್ಕೆ ಕಟ್ಟಿ ಹಾರಿಸಿ ಪರೀಕ್ಷಿಸಿದರು.

೪

೧೯೪೪ನೆಯ ಇಸವಿ ಜೂನ್ ೧೩ರ ಮುಂಜಾವಿನಲ್ಲಿ ಮೊದಲನೆಯ ಹಾರುವ ಬಾಂಬು ಲಂಡನ್ ನಗರದ ಮೇಲೆ ಬಂದಿತು. ಜರ್ಮನರು ಅದಕ್ಕೆ ವಿ-೧ ಎಂದು ಹೆಸರಿಟ್ಟಿದ್ದರು. ಹೊಟ್ಟೆಯಲ್ಲಿ ಸುಮಾರು ೮೫೦ ಕಿಲೋಗ್ರಾಮು ಸ್ಫೋಟಕ, ಬೆನ್ನಿನ ಮೇಲೆ ಸುಮಾರು ಮೂರೂವರೆ ಮೀಟರು ಉದ್ದದ ಅಗ್ನಿನಾಡಿ, ಒಳಗೆ ಮನುಷ್ಯನಿಲ್ಲ. ವೇಗವು ಘಂಟೆಗೆ ಸುಮಾರು ೪೦೦ ಮೈಲಿ. ನಾಡಿಯು ಸೆಕೆಂಡಿಗೆ ನಲವತ್ತೈದು ಐವತ್ತು ಬಾರಿ ಮಿಡಿಯುತ್ತಿದ್ದುದರಿಂದ, ದೂರದಿಂದಲೇ ದೊಡ್ಡದೊಂದು ದುಂಬಿಯು ಮೊರೆದಂತೆ ಅದರ ಸದ್ದು ಕೇಳಿಬರುತ್ತಿದ್ದಿತು. ಜನರು ಹೆದರುತ್ತಿದ್ದುದು ಆ ಸದ್ದಿಗಲ್ಲ, ಸದ್ದು ನಿಲ್ಲುವುದಕ್ಕೆ. ನಿಯಮಿತವಾದ ದೂರವನ್ನು ಕ್ರಮಿಸಿದೊಡನೆ ಬಾಂಬು ಕೆಳಮೊಗವಾಗಿ ಎರಗುತ್ತಿದ್ದಿತು. ಆಗ ಎಂಜಿನ್ನು ನಿಂತುಹೋಗುತ್ತಿದ್ದಿತು. ಆ ಮೌನದ ಕೆಲವು ಕ್ಷಣಗಳಲ್ಲಿ ಕೆಳಗಿದ್ದವರು ಉಸಿರು ಹಿಡಿದು ಕಾಯುತ್ತಿದ್ದರು. ೧೯೪೫ರ ಮಾರ್ಚ್ ತಿಂಗಳ ಕೊನೆಯವರೆಗೆ ನಡೆದ ಈ ದಾಳಿಯಲ್ಲಿ ಬ್ರಿಟನ್ನಿನಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರವೂ ಇದರ ಬಾಯಿಗೆ ಬಿದ್ದಿತು.

ಎಲೆಗಳು ಬೇಗನೆ ಸವೆಯುತ್ತವೆ ಎಂಬ ದೋಷವು ಇಲ್ಲಿ ದೋಷವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬಾಂಬಿಗೆ ಹಿಂದಿರುಗುವ ಪ್ರಯಾಣವಿಲ್ಲ; ಅರ್ಧ ಘಂಟೆಯ ಆಯುಸ್ಸೇ ಅದಕ್ಕೆ ಸಾಕು. ಜನರನ್ನು ಹೊತ್ತು ಸಾಗುವ ವಿಮಾನಕ್ಕೆ ನಿಷ್ಪ್ರಯೋಜಕವಾಗಿದ್ದ ಯಂತ್ರವು ಸಾಯುವುದಕ್ಕಾಗಿಯೇ ಹಾರುವ ವಿಮಾನಕ್ಕೆ ಸರ್ವಥಾ ಯೋಗ್ಯವಾಯಿತು. ಅಗ್ಗವಾದುದು, ತಗಡಿನಿಂದ ಆಗುವಂತಹುದು, ಕೀಳುದರ್ಜೆಯ ಪೆಟ್ರೋಲಿನಿಂದಲೂ ನಡೆಯುವಂತಹುದು ಎಂಬ ಗುಣಗಳೆಲ್ಲವೂ ಸಂಹಾರದ ಲೆಕ್ಕಕ್ಕೆ ಸೇರಿದವು.

ಮಡಿದವರ ಲೆಕ್ಕವು ಲಂಡನ್ನಿನಲ್ಲಿಯೇ ಮುಗಿಯುವುದಿಲ್ಲ. ನೋರ್ಡ್‌ಹೌಸೆನ್ ಎಂಬ ಊರಿನ ಬಳಿ ಬೆಟ್ಟದೊಳಗೆ ಕೊರೆದ ಸುರಂಗಗಳಲ್ಲಿ ಮಿಟಲ್‌ಬೌ-ಡೋರ ಎಂಬ ಸೆರೆಶಿಬಿರದ ಬಂದಿಗಳಿಂದ ಜರ್ಮನರು ಈ ಬಾಂಬುಗಳನ್ನೂ ವಿ-೨ ಎಂಬ ರಾಕೆಟ್ಟುಗಳನ್ನೂ ಮಾಡಿಸಿದರು. ಆ ಶಿಬಿರಕ್ಕೆ ತಳ್ಳಲ್ಪಟ್ಟ ಸುಮಾರು ಅರವತ್ತು ಸಾವಿರ ಮಂದಿಯಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಹಸಿವಿನಿಂದ, ದುಡಿತದಿಂದ, ರೋಗದಿಂದ, ಕಾವಲುಗಾರರ ಕ್ರೌರ್ಯದಿಂದ ಅಸುನೀಗಿದರು. ಅಗ್ನಿನಾಡಿಯ ವೃತ್ತಾಂತವನ್ನು ಬರೆಯುವವರಾರೂ ಈ ಪುಟವನ್ನು ಮಗುಚಿಹಾಕಿ ಮುಂದೆ ಹೋಗುವಂತಿಲ್ಲ.

೫

ಇಂಗ್ಲೆಂಡಿನಲ್ಲಿ ಬಿದ್ದ ಬಾಂಬುಗಳ ಮುರುಕುಗಳನ್ನು ೧೯೪೪ರ ಜುಲೈ ತಿಂಗಳಿನಲ್ಲಿ ಅಮೆರಿಕಕ್ಕೆ ಸಾಗಿಸಿದರು. ಅವು ತಲಪಿದ ಸ್ಥಳವು ಒಹಾಯೊ ಸಂಸ್ಥಾನದ ಡೇಟನ್ ನಗರದ ಬಳಿಯ ರೈಟ್ ಫೀಲ್ಡ್ ಎಂಬ ಸೇನಾ ಸಂಶೋಧನಾ ಕೇಂದ್ರ. ಹಾರುವ ಆಟಿಕೆಯಿಂದ ವಿಮಾನವನ್ನು ಕಂಡ ಸಹೋದರರ ಹೆಸರನ್ನೇ ಹೊತ್ತ ಸ್ಥಳವದು. ಅಲ್ಲಿ ಮುರುಕುಗಳನ್ನು ನೋಡಿ ಪ್ರತಿಕೃತಿಯನ್ನು ಸಿದ್ಧಪಡಿಸಿದರು. ಫೋರ್ಡ್ ಕಂಪನಿಯವರು ಎಂಜಿನ್ನುಗಳನ್ನು ತಯಾರಿಸಿದರು. ಅವು ರಣರಂಗವನ್ನು ಸೇರುವ ಮೊದಲೇ ಯುದ್ಧವು ಮುಗಿಯಿತು.

ಯುದ್ಧವು ಮುಗಿದ ಮೇಲೆ ದೊಡ್ಡ ರಾಷ್ಟ್ರಗಳ ಆಸಕ್ತಿಯು ಟರ್ಬೊಜೆಟ್ ಎಂಜಿನ್ನುಗಳ ಕಡೆಗೆ ಹೊರಳಿತು. ಚಕ್ರಗಳಿಂದ ಗಾಳಿಯನ್ನು ಅಮುಕಿ ಉರಿಸುವ ಆ ಯಂತ್ರವು ಇಂಧನವನ್ನು ಮಿತವಾಗಿ ಬಳಸಿ ದೀರ್ಘಕಾಲ ಬಾಳುತ್ತದೆ. ಮಿಡಿಯುವ ಕೊಳವೆಯು ಬಹುಮಟ್ಟಿಗೆ ಮೂಲೆಗೆ ಬಿದ್ದಿತು. ಅದನ್ನು ಅಲ್ಲಿಂದ ಎತ್ತಿಕೊಂಡವರು ಸೇನಾಪತಿಗಳಲ್ಲ, ಮಂತ್ರಾಲಯಗಳೂ ಅಲ್ಲ. ರಜಾದಿನಗಳಲ್ಲಿ ಬಯಲಿಗೆ ಹೋಗಿ ಪುಟ್ಟ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳು.

ಡೇಟನ್ನಿಗೆ ಉತ್ತರದಲ್ಲಿ ವಂಡೇಲಿಯ ಎಂಬ ಸಣ್ಣ ಊರುಂಟು. ಅಲ್ಲಿಯ ಏರೋಮರೀನ್ ಎಂಬ ಸಣ್ಣ ಕಂಪನಿಯವರು, ವಿಲಿಯಂ ಟೆನ್ನಿ ಮತ್ತು ಚಾರ್ಲ್ಸ್ ಮಾರ್ಕ್ಸ್ ಎಂಬವರ ಕಲ್ಪನೆಯಿಂದ ಹುಟ್ಟಿದ ಡೈನಾಜೆಟ್ ಎಂಬ ಪುಟ್ಟ ಪಲ್ಸ್‌ಜೆಟ್ಟನ್ನು ೧೯೪೦ರ ದಶಕದ ಉತ್ತರಾರ್ಧದಲ್ಲಿ ಮಾರಾಟಕ್ಕೆ ತಂದರು. ಉದ್ದವು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ತೂಕವು ಸುಮಾರು ಒಂದು ಪೌಂಡು. ನೂಕುವ ಬಲವು ಸುಮಾರು ನಾಲ್ಕು ಪೌಂಡು. ಹೀಗೆ ಆ ಯಂತ್ರವು ತನ್ನ ತೂಕದ ನಾಲ್ಮಡಿ ಬಲವನ್ನು ಕೊಡುತ್ತಿದ್ದಿತು. ಮುಂಭಾಗದ ಅಲ್ಯೂಮಿನಿಯಂ ತಲೆಗೆ ಕೆಂಪು ಬಣ್ಣವಿದ್ದ ಕಾರಣ ಹವ್ಯಾಸಿಗಳು ಅದನ್ನು ಕೆಂಪುತಲೆ ಎಂದೇ ಕರೆದರು. ಒಳಗಿನ ಉಕ್ಕಿನ ಎಲೆಗಳನ್ನು ಒಂದೇ ತೆಳು ತಗಡಿನಿಂದ ಹೂವಿನ ದಳಗಳಂತೆ ಕತ್ತರಿಸಿರುತ್ತಿದ್ದರು. ಜರ್ಮನರ ಬಾಂಬು ಸೆಕೆಂಡಿಗೆ ಐವತ್ತರೊಳಗೆ ಮಿಡಿದರೆ, ಗಿಡ್ಡದಾದ ಈ ನಾಳವು ಇನ್ನೂರಕ್ಕೂ ಹೆಚ್ಚು ಬಾರಿ ಮಿಡಿಯುತ್ತಿದ್ದಿತು. ದುಂಬಿಯ ಮೊರೆತವು ಇಲ್ಲಿ ಕರ್ಣಕಠೋರವಾದ ಚೀತ್ಕಾರವಾಯಿತು.

ಇದನ್ನು ಹೊತ್ತಿಸುವುದು ಒಂದು ಸಣ್ಣ ಯಾಗದಂತೆಯೇ ಇದ್ದಿತು. ಒಬ್ಬನು ಪಂಪಿನಿಂದ ಗಾಳಿಯನ್ನು ಊದುತ್ತಿರಬೇಕು. ಮತ್ತೊಬ್ಬನು ಕಿಡಿಯ ಏರ್ಪಾಡನ್ನು ನೋಡಿಕೊಳ್ಳಬೇಕು. ಕಿಡಿಗಾಗಿ ಹಳೆಯ ಫೋರ್ಡ್ ಮಾಡೆಲ್ ಟಿ ಮೋಟಾರುಗಾಡಿಗಳಿಂದ ಕಳಚಿದ ಕಾಯಿಲುಗಳನ್ನು ಹವ್ಯಾಸಿಗಳು ಬಳಸುತ್ತಿದ್ದರು. ಎರಡು ಮೂರು ಬಾರಿ ಸಿಡಿದು ಸುಮ್ಮನಾದ ಕೊಳವೆಯು ಹಠಾತ್ತಾಗಿ ಸ್ವರವನ್ನು ಹಿಡಿದೊಡನೆ ಮಾತು ಯಾವುದೂ ಕೇಳದು. ಮುಂದಿನ ವ್ಯವಹಾರವೆಲ್ಲವೂ ಕೈಸನ್ನೆಯಿಂದಲೇ. ನಿಮಿಷವಾಗುವುದರೊಳಗೆ ಬಾಲನಾಳವು ಕೆಂಡದಂತೆ ಕೆಂಪಾಗುತ್ತದೆ. ನೆಲದ ಮೇಲೆ ನಿಲ್ಲಿಸಿಕೊಂಡಷ್ಟೂ ಅದು ತಂಪಾಗಲು ಗಾಳಿಯಿಲ್ಲದೆ ಕೆಡುವುದರಿಂದ ಕೂಡಲೇ ಹಾರಿಬಿಡಬೇಕು.

೬

ಹಾರಿದ ವಿಮಾನವನ್ನು ವಶದಲ್ಲಿ ಇಟ್ಟುಕೊಳ್ಳುವ ಉಪಾಯವು ಯುದ್ಧಕ್ಕೆ ಮೊದಲೇ ಅಮೆರಿಕದಲ್ಲಿ ಸಿದ್ಧವಾಗಿದ್ದಿತು. ಆರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ ಎಂಬಾತನು ೧೯೪೦ರ ಸುಮಾರಿಗೆ, ಎರಡು ತಂತಿಗಳ ತುದಿಯಲ್ಲಿ ವಿಮಾನವನ್ನು ಕಟ್ಟಿ ವೃತ್ತಾಕಾರವಾಗಿ ಹಾರಿಸುವ ಕ್ರಮವನ್ನು ಜನಪ್ರಿಯಗೊಳಿಸಿದ್ದನು. ನಡುವೆ ನಿಂತವನು ಕೈಹಿಡಿಯನ್ನು ಓಲಿಸಿದಂತೆ ತಂತಿಗಳ ಮೂಲಕ ವಿಮಾನವು ಏರಿ ಇಳಿಯುತ್ತದೆ. ಇದನ್ನು ತಂತಿವಿಮಾನವೆಂದು ಕರೆಯಬಹುದು. ಡೈನಾಜೆಟ್ಟನ್ನು ಇಂತಹ ತಂತಿವಿಮಾನಗಳಿಗೆ ಕೂಡಿಸಿ, ಘಂಟೆಗೆ ೧೫೦ ಮೈಲಿಗೂ ಮೀರಿದ ವೇಗವನ್ನು ಹವ್ಯಾಸಿಗಳು ಸಾಧಿಸಿದರು.

ಈ ವೇಗದ ಅರ್ಥವೇನೆಂಬುದನ್ನು ಸ್ವಲ್ಪ ಗಣಿತದಿಂದ ತಿಳಿಯಬಹುದು. ತಂತಿಯ ಉದ್ದ ೭೦ ಅಡಿ ಎಂದೂ ವಿಮಾನದ ತೂಕ ಎರಡು ಪೌಂಡು ಎಂದೂ ಇಟ್ಟುಕೊಳ್ಳೋಣ. ಆಗ ವೃತ್ತದ ಪರಿಧಿಯು ೪೪೦ ಅಡಿಗಳಾಗುತ್ತದೆ. ಘಂಟೆಗೆ ೧೫೦ ಮೈಲಿ ಎಂದರೆ ಸೆಕೆಂಡಿಗೆ ೨೨೦ ಅಡಿ. ಅಂದಮೇಲೆ ಎರಡೇ ಸೆಕೆಂಡುಗಳಿಗೆ ಒಂದು ಪ್ರದಕ್ಷಿಣೆ. ಕವಣೆಯಲ್ಲಿ ತಿರುಗಿಸುವ ಕಲ್ಲಿನಂತೆ ಆ ವಿಮಾನವು ತನ್ನ ತೂಕದ ಇಪ್ಪತ್ತೊಂದು ಮಡಿಗಿಂತ ಹೆಚ್ಚಿನ ಬಲದಿಂದ, ಎಂದರೆ ಸುಮಾರು ೪೩ ಪೌಂಡುಗಳಷ್ಟು, ನಡುವೆ ನಿಂತವನ ಕೈಯನ್ನು ಎಳೆಯುತ್ತಿರುತ್ತದೆ. ವೇಗವು ಇಮ್ಮಡಿಯಾದರೆ ಈ ಎಳೆತವು ನಾಲ್ಮಡಿಯಾಗುತ್ತದೆ. ತಂತಿಯು ಕಡಿದರೆ ಕೆಂಡವಾದ ಕೊಳವೆಯೂ ಪೆಟ್ರೋಲಿನ ತೊಟ್ಟಿಯೂ ಕೂಡಿದ ವಸ್ತುವು ಬಾಣದಂತೆ ಬಯಲನ್ನು ದಾಟಿ ಹೋಗುತ್ತದೆ. ಆದುದರಿಂದಲೇ ಸ್ಪರ್ಧೆಗಳಲ್ಲಿ ಹಾರಿಸುವುದಕ್ಕೆ ಮೊದಲು ತಂತಿಗಳನ್ನು ಎಳೆದು ಪರೀಕ್ಷಿಸುವ ನಿಯಮವು ಬಂದಿತು. ಕೈಹಿಡಿಯನ್ನು ಒರಗಿಸಲು ವೃತ್ತದ ನಡುವೆ ಕಂಬವನ್ನು ನಿಲ್ಲಿಸುವ ಪದ್ಧತಿಯೂ ಬಂದಿತು. ತೂಕವನ್ನು ಉಳಿಸಲು ವಿಮಾನಕ್ಕೆ ಗಾಲಿಗಳನ್ನೇ ಇಡದೆ, ನೆಲದ ಮೇಲೆ ಉಳಿದುಬಿಡುವ ಪುಟ್ಟ ಬಂಡಿಯ ಮೇಲಿನಿಂದ ಅದನ್ನು ಮೇಲೆ ಬಿಡುತ್ತಿದ್ದರು.

ಈ ಹವ್ಯಾಸವು ಒಂದು ದೇಶದಲ್ಲಿಯೇ ನಿಲ್ಲಲಿಲ್ಲ. ಜಪಾನಿನ ಓ.ಎಸ್. ಕಂಪನಿಯವರು ತಮ್ಮದೇ ಪಲ್ಸ್‌ಜೆಟ್ಟುಗಳನ್ನು ತಯಾರಿಸಿದರು. ಸೋವಿಯೆತ್ ಒಕ್ಕೂಟದಲ್ಲಿ ೧೯೫೧ರಲ್ಲಿ ರೂಪುಗೊಂಡ ದೋಸಾಫ್ ಎಂಬ ಸ್ವಯಂಸೇವಾ ಸಂಸ್ಥೆಯ ಆಶ್ರಯದಲ್ಲಿ ಊರೂರಿಗೂ ಮಾದರಿ ವಿಮಾನಗಳ ಕೂಟಗಳಿದ್ದವು. ಅಲ್ಲಿಯ ಹವ್ಯಾಸಿಗಳು ಈ ವಿದ್ಯೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದರು. ೧೯೭೧ನೆಯ ಇಸವಿ ಡಿಸೆಂಬರ್ ೬ರಂದು ಲಿಯೋನಿದ್ ಲಿಪಿನ್‌ಸ್ಕಿ ಎಂಬಾತನು ಜೆಟ್ ಎಂಜಿನ್ನಿನ ತಂತಿವಿಮಾನವನ್ನು ಘಂಟೆಗೆ ೩೯೫.೬೪ ಕಿಲೋಮೀಟರು ವೇಗದಿಂದ ಹಾರಿಸಿದನು. ಅಂತರರಾಷ್ಟ್ರೀಯ ವಿಮಾನ ಸಂಘವು ಅದನ್ನು ಜಾಗತಿಕ ದಾಖಲೆಯೆಂದು ಅಂಗೀಕರಿಸಿತು. ಲಂಡನ್ನಿನ ಮೇಲೆ ಬಂದ ಬಾಂಬಿನ ವೇಗದ ಅರ್ಧಕ್ಕಿಂತ ಇದು ಹೆಚ್ಚು. ವ್ಯತ್ಯಾಸವು ಇಷ್ಟೇ: ಆ ವೇಗದ ಕೊನೆಯಲ್ಲಿ ಒಂದು ಮನೆಯಿದ್ದಿತು, ಈ ವೇಗದ ನಡುವೆ ತನ್ನ ಕೈಯಿಂದಲೇ ಅದನ್ನು ಹಿಡಿದು ನಿಂತಿದ್ದ ಒಬ್ಬ ಮನುಷ್ಯನಿದ್ದನು.

೭

ಹವ್ಯಾಸಿಗಳ ಬಯಲಿನಲ್ಲಿಯೂ ಈ ಯಂತ್ರಕ್ಕೆ ಸುಖವಾದ ಬಾಳು ದೊರೆಯಲಿಲ್ಲ. ಊರುಗಳು ಬೆಳೆದು ಬಯಲಿನ ಅಂಚಿನವರೆಗೂ ಮನೆಗಳು ಬಂದವು. ಚೀತ್ಕಾರವನ್ನು ನೆರೆಹೊರೆಯವರು ಸಹಿಸಲಿಲ್ಲ. ಒಣಹುಲ್ಲಿನ ಮೇಲೆ ಬಿದ್ದ ಕೆಂಡದ ಕೊಳವೆಯು ಬೆಂಕಿಯನ್ನು ಹಬ್ಬಿಸುವುದೆಂಬ ಭಯವೂ ಸಹಜವಾದುದೇ. ಅನೇಕ ಕೂಟಗಳು ತಮ್ಮ ಮೈದಾನಗಳಲ್ಲಿ ಇದನ್ನು ನಿಷೇಧಿಸಿದವು. ಇದರೊಡನೆ ಪ್ರತಿಸ್ಪರ್ಧಿಯೂ ಬಂದಿತು. ೧೯೮೩ರಲ್ಲಿ ಇಂಗ್ಲೆಂಡಿನಲ್ಲಿ ಪುಟ್ಟ ಟರ್ಬೊಜೆಟ್ ಎಂಜಿನ್ನಿನ ಆಟವಿಮಾನವು ಹಾರಿತು. ತರುವಾಯ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬ ಹವ್ಯಾಸಿಯು ಗಾಳಿಯನ್ನು ಅಮುಕುವ ಚಕ್ರವನ್ನು ಪದರ ಹಲಗೆಯಿಂದಲೇ ಕೆತ್ತಿ, ಮನೆಯಲ್ಲಿಯೇ ಟರ್ಬೊಜೆಟ್ಟನ್ನು ಮಾಡಬಹುದೆಂದು ತೋರಿಸಿಕೊಟ್ಟನು. ರೇಡಿಯೋ ಅಲೆಗಳಿಂದ ನಡೆಯುವ ಜೆಟ್ ವಿಮಾನಗಳಿಗೆ ಆ ಮೆಲುದನಿಯ ಎಂಜಿನ್ನೇ ಮೆಚ್ಚಾಯಿತು. ದೊಡ್ಡ ಲೋಕದಲ್ಲಿ ೧೯೪೫ರಲ್ಲಿ ನಡೆದುದೇ ಚಿಕ್ಕ ಲೋಕದಲ್ಲಿ ಅರ್ಧ ಶತಮಾನದ ಬಳಿಕ ಪುನಃ ನಡೆಯಿತು.

ಆದರೂ ವಿದ್ಯೆಯು ನಷ್ಟವಾಗಲಿಲ್ಲ. ಎಲೆಗಳೇ ಇಲ್ಲದ ನಾಳವೆಂಬ ಮಾರ್ಕೊನೆಯ ಹಳೆಯ ಕಲ್ಪನೆಯನ್ನು ಅಮೆರಿಕದ ಹಿಲ್ಲರ್ ವಿಮಾನ ಕಂಪನಿಯಲ್ಲಿ ರೇಮಂಡ್ ಲಾಕ್‌ವುಡ್ ಎಂಬಾತನು ೧೯೬೦ರ ಆಚೀಚಿನ ವರ್ಷಗಳಲ್ಲಿ ಪರಿಷ್ಕರಿಸಿದ್ದನು. ಲಾಳದಂತೆ ಬಾಗಿದ ಆ ಕೊಳವೆಯ ಎರಡು ಬಾಯಿಗಳೂ ಹಿಂದಕ್ಕೇ ತಿರುಗಿರುತ್ತವೆ. ಸವೆಯುವ ಅಂಗ ಯಾವುದೂ ಇಲ್ಲ. ಕಂಪನಿಯು ಕೈಬಿಟ್ಟ ಆ ವಿನ್ಯಾಸವನ್ನು ಹವ್ಯಾಸಿಗಳು ಎತ್ತಿಕೊಂಡು, ತುಕ್ಕು ಹಿಡಿಯದ ಉಕ್ಕಿನ ತಗಡನ್ನು ಮನೆಯ ಹಿತ್ತಿಲಿನಲ್ಲಿ ಬೆಸೆದು, ಅಡಿಗೆಯ ಅನಿಲದಂತಹ ಪ್ರೊಪೇನಿನಿಂದ ಉರಿಸಿ, ಕೊಳವೆಯ ಉದ್ದಕ್ಕೂ ಅಗಲಕ್ಕೂ ಇರಬೇಕಾದ ಪ್ರಮಾಣಗಳನ್ನು ಪರೀಕ್ಷಿಸುತ್ತ ಬಂದರು. ಒಬ್ಬನ ತಪ್ಪು ಮತ್ತೊಬ್ಬನಿಗೆ ಪಾಠವಾಯಿತು. ರಾಜಾಶ್ರಯವೂ ವೇತನವೂ ಇಲ್ಲದೆ ಒಂದು ಶಾಸ್ತ್ರವು ಉಳಿದು ಬಂದ ಬಗೆ ಹೀಗೆ.

ಉಳಿದು ಬಂದ ಶಾಸ್ತ್ರವು ನಿರಪಾಯಕರವೆಂದು ಹೇಳಲಾಗುವುದೇ? ೨೦೦೩ರಲ್ಲಿ ನ್ಯೂಜಿಲೆಂಡಿನ ಬ್ರೂಸ್ ಸಿಂಪ್ಸನ್ ಎಂಬ ಪಲ್ಸ್‌ಜೆಟ್ ಹವ್ಯಾಸಿಯು, ಅಂಗಡಿಗಳಲ್ಲಿ ದೊರೆಯುವ ಸಾಮಗ್ರಿಗಳಿಂದ ಐದು ಸಾವಿರ ಅಮೆರಿಕನ್ ಡಾಲರುಗಳೊಳಗೆ ಹಾರುವ ಕ್ಷಿಪಣಿಯನ್ನು ಕಟ್ಟಬಹುದೆಂದು ಸಾರಿ, ಅದನ್ನು ಕಟ್ಟಲು ತೊಡಗಿದ ಸುದ್ದಿಯು ಲೋಕದಲ್ಲೆಲ್ಲ ಹಬ್ಬಿತು. ಇಂತಹ ಅಪಾಯವು ಇದೆಯೆಂದು ಎಚ್ಚರಿಸುವುದೇ ತಮ್ಮ ಉದ್ದೇಶವೆಂದು ಅವರು ಹೇಳಿದರು. ಎಚ್ಚರಿಕೆಯು ಎಲ್ಲಿ ಮುಗಿಯುತ್ತದೆ, ಬೋಧನೆಯು ಎಲ್ಲಿ ಮೊದಲಾಗುತ್ತದೆ ಎಂಬ ವಾದವು ಆಗ ಎದ್ದಿತು. ಆ ವಾದವು ಇಂದಿಗೂ ತೀರಿದುದಲ್ಲ. ಅಗ್ಗದ ಹಾರುವ ಬಾಂಬುಗಳು ಯುದ್ಧಗಳಲ್ಲಿ ಸಾಮಾನ್ಯವಾಗಿರುವ ಈ ಕಾಲದಲ್ಲಿ ಅದು ಮತ್ತಷ್ಟು ತೀಕ್ಷ್ಣವಾಗಿದೆ.

ಆಯುಧವೇ ಆದರೂ ಆಟಿಕೆಯೇ ಆದರೂ ದೋಷವು ಬಳಸುವವನದು, ಕೊಳವೆಯದಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ವೃತ್ತಾಂತವು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಅಗ್ಗವಾಗಿ ಆಗುವುದು, ಸ್ವಲ್ಪ ಕಾಲ ಬಾಳುವುದು, ಯಾರು ಬೇಕಾದರೂ ಕಟ್ಟಬಲ್ಲುದು ಎಂಬ ಯಾವ ಗುಣಗಳು ಈ ಯಂತ್ರವನ್ನು ಬಡ ಹವ್ಯಾಸಿಗೆ ಪ್ರಿಯವಾಗಿ ಮಾಡಿದವೋ, ಅವೇ ಗುಣಗಳು ಅದನ್ನು ೧೯೪೪ರಲ್ಲಿ ಆಯುಧವಾಗಿ ಮಾಡಿದವು. ಗುಣವೂ ದೋಷವೂ ಇಲ್ಲಿ ಎರಡಲ್ಲ. ಹೀಗಿರಲು ಹವ್ಯಾಸಿಯ ಕರ್ತವ್ಯವು ಕಟ್ಟುವುದರಲ್ಲಿಯೇ ಮುಗಿಯದು. ತನ್ನ ಕೈಯಲ್ಲಿರುವ ವಸ್ತುವು ಬಂದ ದಾರಿಯನ್ನು ಅವನು ಅರಿತಿರಬೇಕು; ನೋರ್ಡ್‌ಹೌಸೆನ್ನಿನ ಸುರಂಗವೂ ಆ ದಾರಿಯಲ್ಲಿಯೇ ಇದೆಯೆಂಬುದನ್ನು ತನ್ನ ಶಿಷ್ಯನಿಗೆ ಹೇಳಿಕೊಡಬೇಕು. ತಂತಿಯನ್ನು ಎಳೆದು ಪರೀಕ್ಷಿಸುವ ನಿಯಮವಿರುವಂತೆ ಇದೂ ಒಂದು ನಿಯಮವಾಗತಕ್ಕುದು.

ಕನ್ನಡನಾಡಿನಲ್ಲಿ ಈ ಯಂತ್ರವನ್ನು ಕಂಡವರೇ ಇಲ್ಲವೆಂದು ವಾಚಕರು ಭಾವಿಸಬೇಕಾಗಿಲ್ಲ. ಡೈನಾಜೆಟ್ಟಿನ ಬಳಗದ ನಾಳವನ್ನೇ ಅಮೆರಿಕದಲ್ಲಿ ಕೀಟನಾಶಕದ ಹೊಗೆಯನ್ನು ಎಬ್ಬಿಸುವುದಕ್ಕೆ ಬಳಸಿ, ಡೈನಾಫಾಗ್ ಎಂಬ ಹೆಸರಿನಿಂದ ಮಾರಿದರು. ಜರ್ಮನಿಯಲ್ಲಿಯೂ ಇ೦ತಹ ಯಂತ್ರಗಳು ಸಿದ್ಧವಾದವು. ಮಳೆಗಾಲದಲ್ಲಿ ಸೊಳ್ಳೆಗಳು ಹೆಚ್ಚಿ ಡೆಂಗಿ ಜ್ವರವು ಹಬ್ಬಿದಾಗ ಪುರಸಭೆಯ ನೌಕರನು ಹೆಗಲಿಗೆ ತೂಗುಹಾಕಿಕೊಂಡು ಬರುವ ಉದ್ದ ಮೂತಿಯ ಹೊಗೆಯಂತ್ರವು ಬಹುಮಟ್ಟಿಗೆ ಇದೇ ಅಗ್ನಿನಾಡಿ. ಅದರ ಮುಂದೆಯೂ ಗಾಳಿಯನ್ನು ಊದಿ ಕಿಡಿಯನ್ನು ತಾಗಿಸುತ್ತಾರೆ. ಅದೂ ಒಂದೆರಡು ಬಾರಿ ಸಿಡಿದು ಆಮೇಲೆ ಸ್ವರವನ್ನು ಹಿಡಿಯುತ್ತದೆ. ಸಂಜೆಯ ಹೊತ್ತು ಬೀದಿಯ ತುದಿಯಲ್ಲಿ ಆ ಮೊರೆತವು ಕೇಳಿದೊಡನೆ, ಬೇಡವೆಂದು ಹಿರಿಯರು ಕೂಗುತ್ತಿದ್ದರೂ, ಮಕ್ಕಳು ಮನೆಗಳಿಂದ ಹೊರಬಿದ್ದು ಬಿಳಿಯ ಹೊಗೆಯ ಹಿಂದೆ ಓಡುತ್ತಾರೆ. ಒಂದು ಕಾಲಕ್ಕೆ ಲಂಡನ್ನಿನ ತಾಯಂದಿರು ತಮ್ಮ ಮಕ್ಕಳನ್ನು ನೆಲಮಾಳಿಗೆಗೆ ಎಳೆದುಕೊಂಡು ಓಡುತ್ತಿದ್ದುದು ಇದೇ ಬಗೆಯ ಸದ್ದನ್ನು ಕೇಳಿಯೇ. ಈಗ ಸದ್ದು ನಿಂತಿತೆಂದರೆ ಯಂತ್ರದ ಪೆಟ್ರೋಲು ಮುಗಿಯಿತೆಂದು ಅರ್ಥ. ನೌಕರನು ಅದನ್ನು ಜಗಲಿಯ ಮೇಲಿಟ್ಟು ಬೆವರನ್ನು ಒರಸಿಕೊಳ್ಳುತ್ತಾನೆ. ಮಕ್ಕಳು ನಿರಾಶರಾಗಿ ಮನೆಗೆ ಹಿಂದಿರುಗುತ್ತಾರೆ.